ಆಫ್ರಿಕಾದ ಹಳ್ಳಿಗಳ ಆರೋಗ್ಯ: ಮುಂಚೂಣಿ ಕಾರ್ಯಕರ್ತರ ತರಬೇತಿ ಹೇಗಿರಬೇಕು?

ಸಂಪಾದಕರಿಗೆ,

ಮಾನ್ಯರೇ,

ಆಫ್ರಿಕಾ ಖಂಡದ ಆರೋಗ್ಯ ವ್ಯವಸ್ಥೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ದೇಶಗಳಲ್ಲಿ ವೈದ್ಯರ ಕೊರತೆ ಎಷ್ಟು ತೀವ್ರವಾಗಿದೆ ಎಂಬುದನ್ನು ಲೇಖಕರು ಸರಿಯಾಗಿಯೇ ಎತ್ತಿ ತೋರಿಸಿದ್ದಾರೆ. ಜಗತ್ತಿನ ಒಟ್ಟು ರೋಗಭಾರದಲ್ಲಿ ಶೇ 24ರಷ್ಟನ್ನು ಹೊತ್ತಿರುವ ಆಫ್ರಿಕಾ ಪ್ರದೇಶದಲ್ಲಿ ಜಗತ್ತಿನ ಆರೋಗ್ಯ ಸಿಬ್ಬಂದಿಯ ಶೇ 3ರಷ್ಟು ಮಂದಿ ಮಾತ್ರ ಇದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ತನ್ನ ವಾರ್ಷಿಕ ವರದಿಯಲ್ಲಿ ಎಚ್ಚರಿಸಿತ್ತು. ಆದರೆ ಹೆಚ್ಚು ವೈದ್ಯಕೀಯ ಕಾಲೇಜುಗಳನ್ನು ತೆರೆದು ದೊಡ್ಡ ಆಸ್ಪತ್ರೆಗಳನ್ನು ಕಟ್ಟಿದರೆ ಪರಿಸ್ಥಿತಿ ಸುಧಾರಿಸುತ್ತದೆ ಎಂಬ ಅವರ ತೀರ್ಮಾನವನ್ನು ಒಪ್ಪಲು ನನಗೆ ಸಾಧ್ಯವಾಗಲಿಲ್ಲ. ವೈದ್ಯರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೈದ್ಯರು ತಲುಪದ ಊರುಗಳಲ್ಲಿ ಇಂದು ರಾತ್ರಿ ಜ್ವರ ಏರಿದ ಮಗುವಿನ ಬಳಿಗೆ ಯಾರು ಹೋಗುತ್ತಾರೆ, ಹೋದವರಿಗೆ ಏನು ಗೊತ್ತಿರುತ್ತದೆ ಎಂಬ ಪ್ರಶ್ನೆ ಆ ಲೇಖನದಲ್ಲಿ ಎಲ್ಲಿಯೂ ಬರಲಿಲ್ಲ. ಆ ಪ್ರಶ್ನೆಯ ಬಗ್ಗೆ ಕೆಲವು ಮಾತುಗಳನ್ನು ಓದುಗರ ಮುಂದಿಡಲು ಈ ಪತ್ರ.

ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಹಾರಾದ ದಕ್ಷಿಣದ ಆಫ್ರಿಕಾದವರು. ಹುಟ್ಟಿದ ಮೊದಲ ತಿಂಗಳನ್ನು ದಾಟಿದ ಮಕ್ಕಳನ್ನು ಅಲ್ಲಿ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಮಲೇರಿಯಾ, ನ್ಯುಮೋನಿಯಾ ಮತ್ತು ವಾಂತಿಭೇದಿ. ಈ ಮೂರಕ್ಕೂ ಔಷಧವಿದೆ. ಅದು ದುಬಾರಿಯೂ ಅಲ್ಲ. ಕೊರತೆ ಇರುವುದು ಸಮಯಕ್ಕೆ. ಮಲೇರಿಯಾ ಬಂದ ಪುಟ್ಟ ಮಗು ಒಂದೆರಡು ದಿನಗಳಲ್ಲೇ ಪ್ರಜ್ಞೆ ತಪ್ಪುವ ಸ್ಥಿತಿಗೆ ಹೋಗಬಹುದು. ಆಸ್ಪತ್ರೆ ಒಂದು ದಿನದ ನಡಿಗೆಯಷ್ಟು ದೂರವಿದ್ದರೆ, ನಡುವೆ ಮಳೆಗಾಲದಲ್ಲಿ ತುಂಬಿ ಹರಿಯುವ ನದಿಯಿದ್ದರೆ, ಅಲ್ಲಿ ಎಷ್ಟು ನುರಿತ ವೈದ್ಯರಿದ್ದರೂ ಆ ಮಗುವಿನ ಪಾಲಿಗೆ ಇಲ್ಲದಂತೆಯೇ. ಆದ್ದರಿಂದ ಅದೇ ಊರಿನಲ್ಲಿ ವಾಸಿಸುವ, ಅದೇ ಭಾಷೆಯಾಡುವ, ಜನರು ನಂಬುವ ಒಬ್ಬ ವ್ಯಕ್ತಿಗೆ ತರಬೇತಿ ನೀಡುವುದನ್ನು ವೈದ್ಯರು ಬರುವವರೆಗಿನ ತಾತ್ಕಾಲಿಕ ಏರ್ಪಾಡು ಎಂದು ಯಾರೂ ತಿಳಿಯಬಾರದು. ಈ ರೋಗಗಳ ಸ್ವಭಾವವೇ ಅಂಥ ವ್ಯಕ್ತಿಯನ್ನು ಬೇಡುತ್ತದೆ.

ಅಂಥವರು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ತರಬೇತಿಯ ಮಹತ್ವ ತಾನಾಗಿಯೇ ತಿಳಿಯುತ್ತದೆ. ಕೆಮ್ಮುತ್ತಿರುವ ಮಗುವನ್ನು ತಾಯಿಯ ಮಡಿಲಲ್ಲಿ ಕೂರಿಸಿ, ಅಳು ನಿಲ್ಲುವವರೆಗೆ ಕಾದು, ಅಂಗಿ ಎತ್ತಿ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಮಗುವಿಗೆ ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ವಯಸ್ಸಾಗಿದ್ದರೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಒಂದರಿಂದ ಐದು ವರ್ಷದೊಳಗಾಗಿದ್ದರೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಕಂಡುಬಂದರೆ ನ್ಯುಮೋನಿಯಾ ಎಂದು ಭಾವಿಸಿ ಆ್ಯಂಟಿಬಯೋಟಿಕ್ ಆರಂಭಿಸಬೇಕು. ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಆಗದು, ಏಕೆಂದರೆ ಎಳೆ ಮಕ್ಕಳ ಉಸಿರು ಒಂದೇ ಸಮನಾಗಿರುವುದಿಲ್ಲ. ತೋಳಿನ ಸುತ್ತಳತೆಗೆ ಬಣ್ಣದ ಪಟ್ಟಿ ಸುತ್ತಿದಾಗ 115 ಮಿಲಿಮೀಟರ್‌ಗಿಂತ ಕಡಿಮೆಯ ಕೆಂಪು ಭಾಗ ಕಂಡರೆ ತೀವ್ರ ಅಪೌಷ್ಟಿಕತೆ. ವಾಂತಿಭೇದಿಗೆ ಓಆರ್‌ಎಸ್ ದ್ರಾವಣದ ಜೊತೆ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಬಿಡದೆ ಹತ್ತು ದಿನವಾದರೂ ಕೊಡಬೇಕು. ಮೂರನೆಯ ದಿನ ಮಗು ಆಡಲು ಓಡಿದಾಗ ಮಾತ್ರೆ ನಿಲ್ಲಿಸುವ ತಾಯಿಗೆ ಅದನ್ನು ಮನವರಿಕೆ ಮಾಡಿಸುವುದೂ ಒಂದು ಕೌಶಲವೇ. ಇವೆಲ್ಲ ಓದು ಬರಹ ಬಲ್ಲ ಯಾರಾದರೂ ಕಲಿಯಬಹುದಾದ ಕೆಲಸಗಳು, ಆದರೆ ಕಲಿಸದೆ ಬರುವ ಕೆಲಸಗಳಲ್ಲ.

ಇದಕ್ಕೆ ಜಾಂಬಿಯಾದಿಂದ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಉದಾಹರಿಸುತ್ತೇನೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು, ಪಟ್ಟಿಯ ಮೇಲೆ ಹಾಕಿ, ದ್ರಾವಣ ಸೇರಿಸಿ, ಸುಮಾರು 15 ನಿಮಿಷ ಕಾದು ಗೆರೆಗಳನ್ನು ಓದುವ ಮಲೇರಿಯಾ ಕ್ಷಿಪ್ರ ಪರೀಕ್ಷೆಯನ್ನು ಅಲ್ಲಿನ ಸಮುದಾಯ ಆರೋಗ್ಯ ಕಾರ್ಯಕರ್ತರ ಕೈಗೆ ಕೊಟ್ಟು ನೋಡಲಾಯಿತು. ತಯಾರಕರ ಸೂಚನಾ ಚೀಟಿಯನ್ನು ಮಾತ್ರ ಪಡೆದವರು ಪರೀಕ್ಷೆಯ ಹಂತಗಳಲ್ಲಿ ಶೇ 57ರಷ್ಟನ್ನು ಸರಿಯಾಗಿ ಮಾಡಿದರು. ಚಿತ್ರಗಳಿಂದ ಕೂಡಿದ ಸರಳ ಕೈಪಿಡಿಯನ್ನು ಪಡೆದವರು ಶೇ 80ರಷ್ಟನ್ನು ಮಾಡಿದರು. ಕೈಪಿಡಿಯ ಜೊತೆಗೆ ಕೇವಲ ಮೂರು ಗಂಟೆಯ ತರಬೇತಿಯನ್ನೂ ಪಡೆದವರು ಶೇ 92ಕ್ಕೆ ತಲುಪಿದರು. ಮೂರು ಗಂಟೆ! ಒಂದು ಮಧ್ಯಾಹ್ನದ ತರಬೇತಿ ಇಷ್ಟು ವ್ಯತ್ಯಾಸ ಮಾಡುವುದಾದರೆ, ಆ ಮಧ್ಯಾಹ್ನವನ್ನು ಉಳಿಸಲು ಹೋಗಿ ಕಳೆದುಕೊಳ್ಳುವುದು ಎಷ್ಟು ಎಂದು ಯೋಜನೆ ರೂಪಿಸುವವರು ಯೋಚಿಸಬೇಕು. ಕಿಟ್‌ಗಳನ್ನು ಪೆಟ್ಟಿಗೆಗಟ್ಟಲೆ ಕಳುಹಿಸಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮಗಳ ಬಗ್ಗೆ ನನಗೆ ಅಸಮಾಧಾನವಿರುವುದು ಈ ಕಾರಣಕ್ಕೆ.

ಇಷ್ಟಾದರೂ, ಸೂಚಿಸಿದ ಕೆಲಸವನ್ನು ತಪ್ಪಿಲ್ಲದೆ ಮಾಡುವಷ್ಟಕ್ಕೆ ತರಬೇತಿ ನಿಂತುಬಿಟ್ಟರೆ ಅದು ಅರ್ಧ ತರಬೇತಿ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಪತ್ರದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಅದನ್ನೇ. ಒಂದೇ ಕೇರಿಯಿಂದ ಮೂರು ವಾರದಲ್ಲಿ ಹತ್ತು ಮಕ್ಕಳು ವಾಂತಿಭೇದಿಯಿಂದ ಬಳಲಿದರೆ, ಹತ್ತು ಮಕ್ಕಳಿಗೂ ಓಆರ್‌ಎಸ್ ಕೊಟ್ಟ ಕಾರ್ಯಕರ್ತೆ ತನ್ನ ಕರ್ತವ್ಯವನ್ನು ಮಾಡಿದಂತೆ. ಆದರೆ ಆ ಕೇರಿಯವರು ಯಾವ ಬಾವಿಯ ನೀರು ಕುಡಿಯುತ್ತಾರೆ, ಪಕ್ಕದ ಕೇರಿಯ ಮಕ್ಕಳಿಗೆ ಏಕೆ ಬಂದಿಲ್ಲ, ಮಳೆ ಬಿದ್ದ ಮೇಲೆ ಏನು ಬದಲಾಯಿತು ಎಂದು ಕೇಳಿ, ಉತ್ತರಗಳನ್ನು ಬರೆದಿಟ್ಟು, ಊರಿನ ಹಿರಿಯರನ್ನು ಕೂರಿಸಿಕೊಂಡು ಮಾತನಾಡಬಲ್ಲ ಕಾರ್ಯಕರ್ತೆ ಹನ್ನೊಂದನೆಯ ಮಗುವಿಗೆ ಕಾಯಿಲೆಯೇ ಬಾರದಂತೆ ತಡೆಯಬಲ್ಲಳು. ಎಣಿಸುವುದು, ಹೋಲಿಸುವುದು, ಕಾರಣ ಹುಡುಕುವುದು, ಜನರೊಡನೆ ಕೂತು ದಾರಿ ಕಂಡುಕೊಳ್ಳುವುದು, ಮಾಡಿದ್ದು ಫಲ ಕೊಟ್ಟಿತೇ ಎಂದು ಮತ್ತೆ ಎಣಿಸಿ ನೋಡುವುದು: ಇದು ವಿಶ್ವವಿದ್ಯಾಲಯದ ಪದವೀಧರರಿಗೆ ಮೀಸಲಾದ ವಿದ್ಯೆಯಲ್ಲ. ಆಫ್ರಿಕಾದ ಹಲವು ದೇಶಗಳು ಅದನ್ನು ತೋರಿಸಿಕೊಟ್ಟಿವೆ.

ಜಿಂಬಾಬ್ವೆ ವಿಶ್ವವಿದ್ಯಾಲಯ 1993ರಲ್ಲಿ, ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯ 1994ರಲ್ಲಿ ಗೋಡೆಗಳಿಲ್ಲದ ಸಾರ್ವಜನಿಕ ಆರೋಗ್ಯ ಶಾಲೆ ಎಂಬ ಪದ್ಧತಿಯನ್ನು ಆರಂಭಿಸಿದವು. ವಿದ್ಯಾರ್ಥಿಗಳು ತರಗತಿಯಲ್ಲಿ ಕಳೆಯುವ ಸಮಯಕ್ಕಿಂತ ಜಿಲ್ಲೆಗಳಲ್ಲಿ ನಿಜವಾದ ರೋಗಗಳ ಬೆನ್ನು ಹತ್ತಿ ಕಳೆಯುವ ಸಮಯವೇ ಹೆಚ್ಚು. ಅದರ ಅನುಭವದಿಂದ ಬೆಳೆದ ಕ್ಷೇತ್ರ ಸೋಂಕುಶಾಸ್ತ್ರದ, ಅಂದರೆ ರೋಗ ಹೇಗೆ ಹರಡುತ್ತಿದೆ ಎಂದು ಜನರ ನಡುವೆಯೇ ಹೋಗಿ ಪತ್ತೆಹಚ್ಚುವ ವಿದ್ಯೆಯ, ತರಬೇತಿಗಳನ್ನು ಒಂದುಗೂಡಿಸಲು 2005ರಲ್ಲಿ ಕಂಪಾಲಾದಲ್ಲಿ ಆಫ್ರಿಕಾ ಕ್ಷೇತ್ರ ಸೋಂಕುಶಾಸ್ತ್ರ ಜಾಲ ಸ್ಥಾಪನೆಯಾಯಿತು. ಅದರ ಮುಂಚೂಣಿ ಹಂತದ ತರಬೇತಿ ಸುಮಾರು ಮೂರು ತಿಂಗಳದು. ಜಿಲ್ಲಾ ಮತ್ತು ಅದಕ್ಕಿಂತ ಕೆಳಗಿನ ಹಂತದ ನರ್ಸುಗಳು, ಆರೋಗ್ಯ ನಿರೀಕ್ಷಕರು, ಪ್ರಯೋಗಾಲಯ ಸಿಬ್ಬಂದಿ ಕೆಲವು ದಿನ ಪಾಠ ಕೇಳಿ, ಬಳಿಕ ತಮ್ಮದೇ ಕೆಲಸದ ಜಾಗಕ್ಕೆ ಮರಳಿ, ತಮ್ಮದೇ ನೋಂದಣಿ ಪುಸ್ತಕಗಳನ್ನು ತೆರೆದು ಕೂರುತ್ತಾರೆ. ಪುಸ್ತಕದಲ್ಲಿ ಬರೆದ ಸಂಖ್ಯೆಗೂ ಮೇಲಿನ ಕಚೇರಿಗೆ ಕಳುಹಿಸಿದ ಸಂಖ್ಯೆಗೂ ತಾಳೆಯಾಗುತ್ತದೆಯೇ ಎಂದು ನೋಡುವುದು ಅವರಿಗೆ ಕೊಡುವ ಮೊದಮೊದಲ ಕೆಲಸಗಳಲ್ಲಿ ಒಂದು. ಇದು ನೀರಸ ಕೆಲಸವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ವಾರವಾರದ ಮಲೇರಿಯಾ ಸಂಖ್ಯೆಯನ್ನು ಗೋಡೆಯ ಮೇಲಿನ ಹಾಳೆಯಲ್ಲಿ ತಾನೇ ಗುರುತು ಹಾಕಿದ ನರ್ಸಿಗೆ ಗೆರೆ ಮೇಲಕ್ಕೆ ಹೋದ ವಾರವೇ ಅದು ಕಾಣುತ್ತದೆ. ರಾಜಧಾನಿಯ ಅಧಿಕಾರಿಗೆ ಅದು ಕಾಣುವ ಹೊತ್ತಿಗೆ ತಿಂಗಳುಗಳೇ ಕಳೆದಿರಬಹುದು.

ಇಂಥ ತರಬೇತಿಯ ಬೆಲೆ ಏನೆಂಬುದು 2014ರ ಜುಲೈನಲ್ಲಿ ನೈಜೀರಿಯಾಕ್ಕೆ ತಿಳಿಯಿತು. ಎಬೋಲಾ ಸೋಂಕಿದ್ದ ಪ್ರಯಾಣಿಕನೊಬ್ಬ ಲೈಬೀರಿಯಾದಿಂದ ವಿಮಾನದಲ್ಲಿ ಲಾಗೋಸ್‌ಗೆ ಬಂದಿಳಿದ. ಕೋಟಿ ದಾಟಿದ ಜನಸಂಖ್ಯೆಯ, ಕಿಕ್ಕಿರಿದ ಮಹಾನಗರ ಅದು. ಅನಾಹುತವನ್ನು ಇಡೀ ಜಗತ್ತು ನಿರೀಕ್ಷಿಸಿತ್ತು. ಆದರೆ ಆ ದೇಶದಲ್ಲಿ 2008ರಿಂದಲೇ ಕ್ಷೇತ್ರ ಸೋಂಕುಶಾಸ್ತ್ರದ ತರಬೇತಿ ನಡೆಯುತ್ತಿತ್ತು. ಪೋಲಿಯೊ ನಿರ್ಮೂಲನೆಗಾಗಿ ಮನೆಮನೆ ಸುತ್ತಿ ಅಭ್ಯಾಸವಿದ್ದ ಸಿಬ್ಬಂದಿಯೂ ಇದ್ದರು. ಸೋಂಕಿತರ ಸಂಪರ್ಕಕ್ಕೆ ಬಂದ 894 ಮಂದಿಯನ್ನು ಅವರು ಪತ್ತೆಹಚ್ಚಿದರು. ಪ್ರತಿಯೊಬ್ಬರ ಮೇಲೂ 21 ದಿನ ನಿಗಾ ಇಟ್ಟು, ಜ್ವರ ಬಂದಿದೆಯೇ ಎಂದು ವಿಚಾರಿಸಲು ಸುಮಾರು 18,500 ಬಾರಿ ಮುಖಾಮುಖಿ ಭೇಟಿ ಮಾಡಿದರು. 20 ಮಂದಿಗೆ ಸೋಂಕು ತಗಲಿ 8 ಮಂದಿ ತೀರಿಕೊಂಡರು. ಅಕ್ಟೋಬರ್ 20ರಂದು ದೇಶವನ್ನು ಎಬೋಲಾಮುಕ್ತ ಎಂದು ಘೋಷಿಸಲಾಯಿತು. ಮೊದಲ ರೋಗಿಯನ್ನು ಆಸ್ಪತ್ರೆಯಿಂದ ಹೊರಬಿಡಲು ಒಪ್ಪದೆ ನಿಂತ ವೈದ್ಯೆ ಅಮೆಯೊ ಅಡಡೆವೊ ಅವರೂ ಮೃತಪಟ್ಟವರಲ್ಲಿ ಒಬ್ಬರು. ಅವರ ಹೆಸರನ್ನು ಜಗತ್ತು ನೆನೆಯುತ್ತದೆ, ನೆನೆಯಲೇಬೇಕು. ಆದರೆ ಬಿಸಿಲಿನಲ್ಲಿ ಬಾಗಿಲಿನಿಂದ ಬಾಗಿಲಿಗೆ ಥರ್ಮಾಮೀಟರ್ ಹಿಡಿದು ನಡೆದವರ ಹೆಸರು ಯಾರಿಗೂ ತಿಳಿಯದು.

ಅದೇ ಹೊತ್ತಿನಲ್ಲಿ ಗಿನಿ, ಸಿಯೆರಾ ಲಿಯೋನ್ ಮತ್ತು ಲೈಬೀರಿಯಾಗಳಲ್ಲಿ ನಡೆದದ್ದು ಬೇರೆಯೇ ಕತೆ. 28,600ಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿ 11,300ಕ್ಕೂ ಹೆಚ್ಚು ಜನ ಸತ್ತ ಆ ದುರಂತಕ್ಕೆ ಕಾರಣಗಳು ಹಲವು: ಲೈಬೀರಿಯಾ ಮತ್ತು ಸಿಯೆರಾ ಲಿಯೋನ್‌ಗಳಲ್ಲಿ ವರ್ಷಗಟ್ಟಲೆ ನಡೆದ ಅಂತರ್ಯುದ್ಧ, ಕುಸಿದ ಆಸ್ಪತ್ರೆಗಳು, ತಡವಾಗಿ ಬಂದ ನೆರವು. ಆದರೆ ಒಂದು ಕಾರಣದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಎಬೋಲಾದಿಂದ ಸತ್ತವರ ದೇಹದಲ್ಲಿ ವೈರಾಣು ತುಂಬಿರುತ್ತದೆ. ಶವವನ್ನು ತೊಳೆದು, ಮುಟ್ಟಿ ಬೀಳ್ಕೊಡುವ ಸಂಪ್ರದಾಯದಿಂದ ಸೋಂಕು ಹರಡುತ್ತಿತ್ತು. ಇದನ್ನು ತಡೆಯಲು ಮೊದಲ ತಿಂಗಳುಗಳಲ್ಲಿ ಮುಖ ಕಾಣದಂಥ ಉಡುಪು ತೊಟ್ಟ ತಂಡಗಳು ಬಂದು, ಶವವನ್ನು ಚೀಲಕ್ಕೆ ಹಾಕಿ, ಬಂಧುಗಳಿಗೆ ಪ್ರಾರ್ಥನೆಗೂ ಅವಕಾಶ ಕೊಡದೆ ಒಯ್ದವು. ಜನ ರೋಗಿಗಳನ್ನು ಬಚ್ಚಿಟ್ಟರು, ರಾತ್ರೋರಾತ್ರಿ ಗುಟ್ಟಾಗಿ ಹೂಳಿದರು. ಗಿನಿಯ ವೊಮೆ ಎಂಬ ಊರಿನಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಜಾಗೃತಿ ಮೂಡಿಸಲು ಹೋದ ತಂಡದ ಎಂಟು ಮಂದಿ ಕೊಲೆಯಾದರು. ಅಷ್ಟು ಭಯ, ಅಷ್ಟು ಅಪನಂಬಿಕೆ ಬೆಳೆದಿತ್ತು. ಆ ವರ್ಷದ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಮತ್ತು ಗೌರವಯುತ ಅಂತ್ಯಕ್ರಿಯೆಯ ಹೊಸ ನಿಯಮಾವಳಿಯನ್ನು ಹೊರಡಿಸಿ, ಕುಟುಂಬದವರು ಮತ್ತು ಧಾರ್ಮಿಕ ಮುಖಂಡರನ್ನು ಒಳಗೊಳ್ಳಬೇಕೆಂದು ಹೇಳಿತು. ಊರಿನವರೇ ಆದ ತರಬೇತಿ ಪಡೆದ ಕಾರ್ಯಕರ್ತರು ಮೊದಲ ವಾರದಿಂದಲೇ ಇದ್ದಿದ್ದರೆ, ಅವರ ಮಾತಿಗೆ ಕಚೇರಿಗಳಲ್ಲಿ ಬೆಲೆಯೂ ಇದ್ದಿದ್ದರೆ, ಈ ತಿಳಿವಳಿಕೆ ಇಷ್ಟು ತಡವಾಗಿ ಬರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಲೈಬೀರಿಯಾ ಆ ಪಾಠವನ್ನು ಕಲಿಯಿತು. ಆರೋಗ್ಯ ಕೇಂದ್ರದಿಂದ ಐದು ಕಿಲೋಮೀಟರ್‌ಗಿಂತ ದೂರವಿರುವ ಊರುಗಳಿಗಾಗಿಯೇ ಸಮುದಾಯ ಆರೋಗ್ಯ ಸಹಾಯಕರ ರಾಷ್ಟ್ರೀಯ ಕಾರ್ಯಕ್ರಮವನ್ನು 2016ರಲ್ಲಿ ಆರಂಭಿಸಿತು. ಹಂತಹಂತವಾದ ತರಬೇತಿ, ತಿಂಗಳಿಗೆ 70 ಅಮೆರಿಕನ್ ಡಾಲರ್ ಸಂಭಾವನೆ, ಸಹಾಯಕರ ಮೇಲ್ವಿಚಾರಣೆಗೆ ನರ್ಸ್ ಅಥವಾ ಸೂಲಗಿತ್ತಿಯ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕರು ಎಂಬುದು ಅದರ ರಚನೆ. ಅಂತರ್ಯುದ್ಧ ಮುಗಿದಾಗ ಎಲ್ಲ ಜನರಿಗೂ ಸೇರಿ ಬೆರಳೆಣಿಕೆಯಷ್ಟು, ಅಂದರೆ 50ರ ಆಸುಪಾಸಿನಲ್ಲಿ, ವೈದ್ಯರಿದ್ದ ದೇಶ ಅದು.

ಎಥಿಯೋಪಿಯಾದ ಉದಾಹರಣೆ ಇನ್ನೂ ದೊಡ್ಡದು. 2003ರಲ್ಲಿ ಆರಂಭವಾದ ಅಲ್ಲಿನ ಆರೋಗ್ಯ ವಿಸ್ತರಣಾ ಕಾರ್ಯಕ್ರಮ, ಕೆಬೆಲೆ ಎಂದು ಕರೆಯಲಾಗುವ ಅತ್ಯಂತ ಕೆಳಹಂತದ ಆಡಳಿತ ಘಟಕಕ್ಕೆ, ಅಂದರೆ ಸುಮಾರು 5,000 ಜನರಿಗೆ, ಇಬ್ಬರು ಕಾರ್ಯಕರ್ತೆಯರಂತೆ 30,000ಕ್ಕೂ ಹೆಚ್ಚು ಯುವತಿಯರನ್ನು ನೇಮಿಸಿತು. ಹತ್ತನೆಯ ತರಗತಿ ಮುಗಿಸಿದ, ಆದಷ್ಟೂ ಅದೇ ಊರಿನ, ಅಲ್ಲಿನ ಭಾಷೆ ಬಲ್ಲ ಹೆಣ್ಣುಮಕ್ಕಳನ್ನು ಆರಿಸಿ, ಒಂದು ವರ್ಷ ತರಬೇತಿ ನೀಡಿ, ಸರ್ಕಾರಿ ಸಂಬಳ ಕೊಟ್ಟು, ಊರಿನ ಆರೋಗ್ಯ ಠಾಣೆಯಲ್ಲಿ ಕೂರಿಸಿತು. ಶೌಚಾಲಯದ ಗುಂಡಿ ತೋಡಿಸುವುದರಿಂದ ಹಿಡಿದು ಲಸಿಕೆ, ಕುಟುಂಬ ಯೋಜನೆ, ಸೊಳ್ಳೆಪರದೆ, ಗರ್ಭಿಣಿಯರ ಆರೈಕೆಯವರೆಗೆ 16 ಬಗೆಯ ಸೇವೆಗಳನ್ನು ಅವರ ಹೆಗಲಿಗೆ ಹಾಕಲಾಯಿತು. 1990ರಲ್ಲಿ ಆ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 200 ಮಂದಿ ಐದು ವರ್ಷದೊಳಗೆ ಸಾಯುತ್ತಿದ್ದರು. 2012ರ ಹೊತ್ತಿಗೆ ಆ ಸಂಖ್ಯೆ 70ಕ್ಕಿಂತ ಕೆಳಗಿಳಿದಿತ್ತು. ರಸ್ತೆ, ಶಾಲೆ, ಆಹಾರ ಭದ್ರತೆ ಇವೆಲ್ಲದರ ಪಾಲೂ ಇದರಲ್ಲಿದೆ ನಿಜ, ಆದರೆ ಈ ಯುವತಿಯರ ಪಾಲನ್ನು ಯಾರೂ ಅಲ್ಲಗಳೆದಿಲ್ಲ. ಇಷ್ಟಾಗಿಯೂ ನ್ಯುಮೋನಿಯಾಕ್ಕೆ ಆ್ಯಂಟಿಬಯೋಟಿಕ್ ಕೊಡುವ ಅಧಿಕಾರವನ್ನು ಅವರಿಗೆ ಮೊದಲ ಹಲವು ವರ್ಷ ಕೊಟ್ಟಿರಲಿಲ್ಲ. ದುರ್ಬಳಕೆಯಾದೀತು ಎಂಬ ಅಂಜಿಕೆಯಿಂದ ತಡೆದು, 2010ರ ಆಸುಪಾಸಿನಲ್ಲಷ್ಟೇ ಅನುಮತಿ ನೀಡಲಾಯಿತು. ಮಗುವಿನ ಉಸಿರು ಎಣಿಸಲು ಬಲ್ಲ ಕಾರ್ಯಕರ್ತೆ ಕೈಯಲ್ಲಿ ಮಾತ್ರೆಯಿಲ್ಲದೆ ತಾಯಿಯ ಮುಖ ನೋಡುತ್ತ ಕೂರಬೇಕಾಗಿದ್ದ ಆ ವರ್ಷಗಳನ್ನು ನೆನೆದರೆ ಸಂಕಟವಾಗುತ್ತದೆ.

ಜನರಿಗೇ ನಿರ್ಧಾರವನ್ನು ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನದಿ ಕುರುಡುತನದ ವಿರುದ್ಧದ ಕೆಲಸ ಒಳ್ಳೆಯ ಸಾಕ್ಷಿ. ಹರಿಯುವ ನೀರಿನಲ್ಲಿ ಬೆಳೆಯುವ ಕಪ್ಪು ನೊಣಗಳಿಂದ ಹರಡುವ ಈ ರೋಗಕ್ಕೆ ಐವರ್‌ಮೆಕ್ಟಿನ್ ಮಾತ್ರೆಯನ್ನು ವರ್ಷವರ್ಷವೂ ಇಡೀ ಊರಿಗೆ ಕೊಡಬೇಕು. 1995ರಲ್ಲಿ ಆರಂಭವಾದ ಆಫ್ರಿಕಾ ನಿಯಂತ್ರಣ ಕಾರ್ಯಕ್ರಮವು ಮಾತ್ರೆ ಹಂಚುವವರು ಯಾರು, ಯಾವ ತಿಂಗಳಲ್ಲಿ, ಮನೆಮನೆಗೆ ಹೋಗಿಯೋ ಒಂದೆಡೆ ಸೇರಿಸಿಯೋ ಎಂಬುದನ್ನೆಲ್ಲ ಊರಿನವರೇ ತೀರ್ಮಾನಿಸುವ ಪದ್ಧತಿಯನ್ನು ಬೆಳೆಸಿತು. ಆರಿಸಲ್ಪಟ್ಟವರಿಗೆ ಕಲಿಸಿದ್ದು ಅಲ್ಪ, ಆದರೆ ಸ್ಪಷ್ಟ: ಗುರುತು ಹಾಕಿದ ಕೋಲಿನ ಪಕ್ಕದಲ್ಲಿ ವ್ಯಕ್ತಿಯನ್ನು ನಿಲ್ಲಿಸಿ ಎತ್ತರ ನೋಡಬೇಕು, ಅದಕ್ಕೆ ತಕ್ಕಂತೆ ಒಂದರಿಂದ ನಾಲ್ಕು ಮಾತ್ರೆ ಕೊಡಬೇಕು, ಗರ್ಭಿಣಿಯರಿಗೂ ತೀರಾ ಪುಟ್ಟ ಮಕ್ಕಳಿಗೂ ಕೊಡಬಾರದು, ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆಯಬೇಕು. ತಕ್ಕಡಿಯ ಅಗತ್ಯವೇ ಇಲ್ಲ. ಕುಡಿಯುವ ನೀರಿನ ಮೂಲಕ ದೇಹ ಸೇರುವ ಹುಳುವಿನಿಂದ ಬರುವ ನಾರುಹುಣ್ಣಿನ ಕತೆಯೂ ಇಂಥದ್ದೇ. 1986ರಲ್ಲಿ ಆಫ್ರಿಕಾ ಮತ್ತು ಏಷ್ಯಾದಲ್ಲಿ ಅಂದಾಜು 35 ಲಕ್ಷ ಮಂದಿಯನ್ನು ಕಾಡಿದ್ದ ಈ ರೋಗಕ್ಕೆ ಇಂದಿಗೂ ಲಸಿಕೆಯಿಲ್ಲ, ಔಷಧವೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವಂತೆ, ಹುಣ್ಣಿರುವವರು ಕೆರೆಗೆ ಇಳಿಯದಂತೆ ನೋಡಿಕೊಂಡ ಊರೂರಿನ ಸ್ವಯಂಸೇವಕರಿಂದಲೇ ಅದು 2023ರಲ್ಲಿ ಜಗತ್ತಿನಾದ್ಯಂತ 14 ಮಂದಿಗೆ ಇಳಿಯಿತು.

ಇಂಥ ತರಬೇತಿ ದೇಹದ ಕಾಯಿಲೆಗಳಿಗೆ ಮಾತ್ರ ಸೀಮಿತವಲ್ಲ. ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು ಮನೋವೈದ್ಯರಷ್ಟೇ ಇದ್ದ ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯ ಅಜ್ಜಿಯರಿಗೆ ತರಬೇತಿ ಕೊಟ್ಟು, ಚಿಕಿತ್ಸಾಲಯದ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ಖಿನ್ನತೆಯಿಂದ ನರಳುವವರ ಮಾತನ್ನು ಪೂರ್ತಿ ಕೇಳುವುದು, ಕಷ್ಟಗಳನ್ನು ಅವರ ಬಾಯಲ್ಲೇ ಪಟ್ಟಿ ಮಾಡಿಸುವುದು, ಅದರಲ್ಲಿ ಒಂದನ್ನು ಅವರೇ ಆರಿಸಿಕೊಂಡು ದಾರಿ ಹುಡುಕುವಂತೆ ಮಾಡುವುದು ಅಜ್ಜಿಯರ ಕೆಲಸ. 24 ಚಿಕಿತ್ಸಾಲಯಗಳಲ್ಲಿ 573 ಮಂದಿಯನ್ನು ಒಳಗೊಂಡು ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷಾರ್ಥ ಅಧ್ಯಯನದಲ್ಲಿ, ಆರು ತಿಂಗಳ ಬಳಿಕ ಅಜ್ಜಿಯರ ಬಳಿ ಬಂದವರ ಸ್ಥಿತಿ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಉತ್ತಮವಾಗಿತ್ತು.

ತರಬೇತಿ ಪಡೆದ ಕಾರ್ಯಕರ್ತರನ್ನು ಅರೆ ವೈದ್ಯರೆಂದು ಕರೆದು, ಬಡವರಿಗೆ ಕಳಪೆ ಚಿಕಿತ್ಸೆ ಸಾಕೆಂಬ ಧೋರಣೆ ಇದು ಎಂದು ಟೀಕಿಸುವವರಿದ್ದಾರೆ. ಈ ಟೀಕೆಯ ಹಿಂದಿನ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಮೊಜಾಂಬಿಕ್‌ನ ಅನುಭವವನ್ನು ಅವರು ಗಮನಿಸಬೇಕು. ವೈದ್ಯರಲ್ಲದವರಿಗೆ ಶಸ್ತ್ರಚಿಕಿತ್ಸೆಯ ತರಬೇತಿ ನೀಡುವ ಕೆಲಸವನ್ನು ಆ ದೇಶ 1984ರಲ್ಲೇ ಆರಂಭಿಸಿತು. ಸಿಸೇರಿಯನ್ ಸೇರಿದಂತೆ ಜಿಲ್ಲಾ ಆಸ್ಪತ್ರೆಗಳ ಹೆರಿಗೆ ಶಸ್ತ್ರಚಿಕಿತ್ಸೆಗಳಲ್ಲಿ ಹತ್ತರಲ್ಲಿ ಒಂಬತ್ತನ್ನು ಅವರೇ ಮಾಡುತ್ತಿದ್ದಾರೆಂದು 2007ರ ಅಧ್ಯಯನವೊಂದು ತೋರಿಸಿತು. ನೇಮಕವಾದ ಏಳು ವರ್ಷಗಳ ಬಳಿಕ ಅವರಲ್ಲಿ ಶೇ 88ರಷ್ಟು ಮಂದಿ ಜಿಲ್ಲಾ ಆಸ್ಪತ್ರೆಗಳಲ್ಲೇ ಉಳಿದಿದ್ದರು. ವೈದ್ಯರಲ್ಲಿ ಒಬ್ಬರೂ ಉಳಿದಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಚಿಕಿತ್ಸೆಯನ್ನು ನರ್ಸುಗಳೇ ಆರಂಭಿಸಬಹುದು ಎಂದಾದ ಮೇಲೆ ಫಲಿತಾಂಶ ಕೆಡಲಿಲ್ಲ ಎಂಬುದೂ ಅಧ್ಯಯನದಿಂದ ಸಾಬೀತಾಗಿದೆ. ಗುಣಮಟ್ಟ ನಿಂತಿರುವುದು ಕೆಲಸದ ಮಿತಿಯನ್ನು ಸ್ಪಷ್ಟವಾಗಿ ಗುರುತಿಸುವುದರ ಮೇಲೆ, ಆ ಮಿತಿಯೊಳಗೆ ಚೆನ್ನಾಗಿ ಕಲಿಸುವುದರ ಮೇಲೆ, ಮಿತಿ ಮೀರಿದ ರೋಗಿಯನ್ನು ಕಳುಹಿಸಲು ಮೇಲೊಂದು ಆಸ್ಪತ್ರೆ ಇರುವುದರ ಮೇಲೆ. ಹೀಗಾಗಿ ಆಸ್ಪತ್ರೆಗಳು ಬೇಡವೆಂದು ನಾನು ಎಲ್ಲಿಯೂ ಹೇಳುತ್ತಿಲ್ಲ.

ತರಬೇತಿಯೊಂದರಿಂದಲೇ ಎಲ್ಲವೂ ಆಗುವುದಿಲ್ಲ ಎಂಬುದಕ್ಕೂ ಇತಿಹಾಸವಿದೆ. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕೆಂದು ಸಾರಿದ 1978ರ ಅಲ್ಮಾ ಅಟಾ ಘೋಷಣೆಯ ನಂತರ ಆಫ್ರಿಕಾದ ಅನೇಕ ದೇಶಗಳು ಹುರುಪಿನಿಂದ ಗ್ರಾಮ ಆರೋಗ್ಯ ಕಾರ್ಯಕರ್ತರನ್ನು ನೇಮಿಸಿದವು. ಕೆಲವು ವಾರಗಳ ತರಬೇತಿ, ಒಂದು ಔಷಧ ಪೆಟ್ಟಿಗೆ, ಸಂಬಳವಿಲ್ಲ. ಪೆಟ್ಟಿಗೆ ಖಾಲಿಯಾದಾಗ ಮತ್ತೆ ತುಂಬುವವರಿರಲಿಲ್ಲ. ವರ್ಷವಾದರೂ ಬಂದು ವಿಚಾರಿಸುವವರಿರಲಿಲ್ಲ. ಎಂಬತ್ತರ ದಶಕದ ಸಾಲದ ಬಿಕ್ಕಟ್ಟಿನಲ್ಲಿ ಸರ್ಕಾರಗಳು ಆರೋಗ್ಯದ ಖರ್ಚನ್ನು ಕಡಿತಗೊಳಿಸಿದಾಗ ಈ ಯೋಜನೆಗಳಲ್ಲಿ ಬಹುಪಾಲು ಕುಸಿದವು. ಆಗ ಸೋತದ್ದು ಕಾರ್ಯಕರ್ತರಲ್ಲ. ಇಂದಿಗೂ ಆಫ್ರಿಕಾದ ಸಮುದಾಯ ಕಾರ್ಯಕರ್ತರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಸಂಬಳವಿಲ್ಲದೆ ದುಡಿಯುವವರೇ ಹೆಚ್ಚು. ಸ್ವಯಂಸೇವೆ ಎಂಬ ಗೌರವದ ಮಾತಿನ ಮರೆಯಲ್ಲಿ ನಡೆಯುವ ಈ ಅನ್ಯಾಯ ನಿಲ್ಲಬೇಕು. ಕಾರ್ಯಕರ್ತರಿಗೆ ಅವರ ಕೆಲಸಕ್ಕೆ ತಕ್ಕ ಸಂಭಾವನೆ ಮತ್ತು ಲಿಖಿತ ಒಪ್ಪಂದ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ. ಕೀನ್ಯಾ 2023ರಲ್ಲಿ ಸುಮಾರು ಒಂದು ಲಕ್ಷ ಸಮುದಾಯ ಆರೋಗ್ಯ ಪ್ರವರ್ತಕರಿಗೆ ಉಪಕರಣಗಳ ಕಿಟ್ ಮತ್ತು ಸ್ಮಾರ್ಟ್‌ಫೋನ್ ನೀಡಿ, ತಿಂಗಳಿಗೆ 5,000 ಶಿಲ್ಲಿಂಗ್ ಗೌರವಧನವನ್ನು ಕೇಂದ್ರ ಸರ್ಕಾರ ಮತ್ತು ಕೌಂಟಿ ಎಂಬ ಪ್ರಾದೇಶಿಕ ಸರ್ಕಾರಗಳು ಸಮನಾಗಿ ಭರಿಸುವ ಏರ್ಪಾಡು ಮಾಡಿತು. ಮೊತ್ತ ಸಣ್ಣದು, ಆದರೂ ವರ್ಷಗಟ್ಟಲೆ ಬಿಡಿಗಾಸಿಲ್ಲದೆ ದುಡಿದವರಿಗೆ ಅದು ಕಾನೂನಿನ ಬಲದಿಂದ ಬಂದ ಮನ್ನಣೆ.

ಈಗ ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಅದೇ ವರ್ಷದ ಜುಲೈ ಹೊತ್ತಿಗೆ, ಆ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಮುಚ್ಚಿತು. ಆ ಹಣವನ್ನು ನೆಚ್ಚಿಕೊಂಡಿದ್ದ ಮಲೇರಿಯಾ, ಎಚ್‌ಐವಿ ಮತ್ತು ಸಮುದಾಯ ಆರೋಗ್ಯ ಕಾರ್ಯಕ್ರಮಗಳು ಹಲವು ದೇಶಗಳಲ್ಲಿ ಏಕಾಏಕಿ ಅಸ್ತವ್ಯಸ್ತಗೊಂಡವು. ಇಂಥ ಸಂದರ್ಭದಲ್ಲಿ ಮೊದಲು ಕತ್ತರಿ ಬೀಳುವುದು ತರಬೇತಿಗೆ ಮತ್ತು ಮೇಲ್ವಿಚಾರಣೆಗೆ, ಏಕೆಂದರೆ ಅವು ನಿಂತುಹೋದದ್ದು ತಕ್ಷಣಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಟ್ಟಡ ಅರ್ಧಕ್ಕೆ ನಿಂತರೆ ಕಾಣುತ್ತದೆ. ಮೇಲ್ವಿಚಾರಕರ ಬೈಕಿಗೆ ಪೆಟ್ರೋಲ್ ಇಲ್ಲದೆ ಮೂರು ತಿಂಗಳಿನಿಂದ ಯಾವ ಊರಿಗೂ ಭೇಟಿಯಾಗಿಲ್ಲ ಎಂಬುದು ಕಾಣುವುದಿಲ್ಲ. ಆಫ್ರಿಕಾದ ಸರ್ಕಾರಗಳು 2001ರಲ್ಲಿ ಅಬುಜಾದಲ್ಲಿ ಸೇರಿ, ತಮ್ಮ ಬಜೆಟ್ಟಿನ ಶೇ 15ರಷ್ಟನ್ನು ಆರೋಗ್ಯಕ್ಕೆ ಕೊಡುವುದಾಗಿ ತಾವೇ ಮಾತು ಕೊಟ್ಟಿದ್ದವು. ಅದನ್ನು ಉಳಿಸಿಕೊಂಡ ದೇಶಗಳು ಬಹಳ ಕಡಿಮೆ. ಹೊರಗಿನ ನೆರವು ಬತ್ತುತ್ತಿರುವ ಈ ಹೊತ್ತಿನಲ್ಲಿ ಆ ಮಾತನ್ನು ಮತ್ತೆ ಎತ್ತಬೇಕಾದವರು ಆ ದೇಶಗಳ ಸಂಸತ್ತುಗಳು ಮತ್ತು ಪ್ರಜೆಗಳು.

ತರಬೇತಿಗೆಂದು ಹಣ ಕೊಡುವವರು, ಅದು ಯಾವ ದೇಶದ ಸರ್ಕಾರವಾಗಿರಲಿ, ಸಂಸ್ಥೆಯಾಗಿರಲಿ, ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ ಎಂಬ ಲೆಕ್ಕಕ್ಕೆ ತೃಪ್ತರಾಗದೆ ಬೇರೆ ಕೆಲವು ಲೆಕ್ಕಗಳನ್ನೂ ಕೇಳಬೇಕೆಂದು ನನ್ನ ಆಗ್ರಹ. ತರಬೇತಿಯಾದ ಆರು ತಿಂಗಳ ಮೇಲೆ ಎಷ್ಟು ಮಂದಿ ಉಸಿರನ್ನು ಸರಿಯಾಗಿ ಎಣಿಸುತ್ತಿದ್ದಾರೆ, ಎಷ್ಟು ಮಂದಿಯ ಬಳಿ ಮಲೇರಿಯಾ ಔಷಧ ದಾಸ್ತಾನಿದೆ, ತಮ್ಮ ಊರಿನ ಯಾವ ತೊಂದರೆಯನ್ನು ಅವರು ತಾವಾಗಿಯೇ ಗುರುತಿಸಿ ಪರಿಹಾರ ಹುಡುಕಿದ್ದಾರೆ, ಅವರು ಕಳುಹಿಸಿದ ವರದಿಗೆ ಮೇಲಿನಿಂದ ಉತ್ತರ ಬಂದಿದೆಯೇ ಎಂಬುದನ್ನು ಕೇಳಬೇಕು. ಕೊನೆಯ ಪ್ರಶ್ನೆ ಬಹಳ ಮುಖ್ಯ. ತಿಂಗಳು ತಿಂಗಳೂ ಸಂಖ್ಯೆಗಳನ್ನು ಬರೆದು ಕಳುಹಿಸಿ ಒಂದು ಮರುಮಾತನ್ನೂ ಕಾಣದ ಕಾರ್ಯಕರ್ತೆ ಕ್ರಮೇಣ ಸಂಖ್ಯೆಗಳನ್ನು ಸುಮ್ಮನೆ ತುಂಬತೊಡಗುತ್ತಾಳೆ. ಅದಕ್ಕೆ ಅವಳನ್ನು ದೂರುವಂತಿಲ್ಲ. ಹಾಗೆಯೇ, ಹತ್ತು ವರ್ಷ ದುಡಿದರೂ ಅದೇ ಹುದ್ದೆಯಲ್ಲಿ ಉಳಿಯಬೇಕಾದ ಸ್ಥಿತಿ ಇರಬಾರದು. ಎಥಿಯೋಪಿಯಾ ತನ್ನ ಕಾರ್ಯಕರ್ತೆಯರಿಗೆ ಡಿಪ್ಲೊಮಾ ಮಟ್ಟದವರೆಗೆ ಓದಿ ಮೇಲೇರುವ ದಾರಿಯನ್ನು ತೆರೆದಿದೆ; ಉಳಿದ ದೇಶಗಳೂ ಹಾಗೆ ಮಾಡಿದರೆ ಅನುಭವಸ್ಥರು ಕೆಲಸ ಬಿಟ್ಟು ಹೋಗುವುದು ಕಡಿಮೆಯಾಗುತ್ತದೆ.

ಆಫ್ರಿಕಾದಲ್ಲಿ ಸಾಂಕ್ರಾಮಿಕ ರೋಗ ಬಂದಾಗ ಪತ್ರಿಕೆಗಳು ಸಾವಿನ ಸಂಖ್ಯೆಯನ್ನು ಮುಖಪುಟದಲ್ಲಿ ಹಾಕುತ್ತವೆ. ಉಗಾಂಡಾದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಕಾಣಿಸಿಕೊಂಡ ಎಬೋಲಾವನ್ನು ಆ ದೇಶದವರೇ ಮುಂದೆ ನಿಂತು ನಾಲ್ಕೇ ತಿಂಗಳೊಳಗೆ ನಿಲ್ಲಿಸಿದ ಸುದ್ದಿಗೆ ಅಷ್ಟು ಜಾಗ ಸಿಗಲಿಲ್ಲ. ತಮ್ಮ ಪತ್ರಿಕೆಯಾದರೂ ಇಂಥ ವರದಿಗಳಿಗೆ, ಅವುಗಳ ಹಿಂದಿರುವ ತರಬೇತಿ ಮತ್ತು ದುಡಿಮೆಗೆ ಆಗಾಗ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ